ಜ್ವರಕ್ಕೆ ಕೂತ ಸೊಳ್ಳೆಗಳು

ಹೊಸ ಬೆಳೆಗೆ ಮುಂಚೆ ಹುಳದ ಮನೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯಬೇಕು. ರೇಷ್ಮೆ ಹುಳ ಸಾಕುವ ಮನೆಗಳಲ್ಲಿ ಇದಕ್ಕೆ ವಿನಾಯಿತಿಯೇ ಇಲ್ಲ. ಮೊನ್ನೆ ಮೂಗಿಗೆ ಸೆರಗು ಬಿಗಿದುಕೊಂಡು ಅಟ್ಟದ ಮೇಲಿನ ಹಳೆಯ ತಟ್ಟೆಗಳನ್ನು ಇಳಿಸುತ್ತಿದ್ದೆ. ಅವುಗಳ ಹಿಂದಿನಿಂದ ಒಂದು ಪ್ಲಾಸ್ಟಿಕ್ ಕೊಳವೆ ಉರುಳಿಕೊಂಡು ಬಂದು ನನ್ನ ಕಾಲ ಹತ್ತಿರ ಬಿತ್ತು. ಗೇಣಿಗಿಂತ ಚಿಕ್ಕದು. ಒಂದು ತುದಿಗೆ ಸಣ್ಣ ಬಲೆ, ಮೈಮೇಲೆ ಒಂದು ಹಸಿರು ಚುಕ್ಕೆ. ಆ ಚುಕ್ಕೆ ಕಂಡದ್ದೇ ತಡ, ಬ್ಲೀಚಿಂಗಿನ ಘಾಟಿನ ನಡುವೆಯೂ ನನಗೆ ನಗು ಬಂತು. ಪೊರಕೆ ಪಕ್ಕಕ್ಕಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅದು ನಮ್ಮ ಪಕ್ಕದ ಮನೆಯವರ ಕೊಳವೆ. ಬೀದಿಯವರೆಲ್ಲ ಅವರನ್ನು ಸೊಳ್ಳೆ ಸಾಬ್ರು ಎನ್ನುತ್ತಿದ್ದರು. ನಮ್ಮ ಅತ್ತೆಯ ಬಾಯಲ್ಲಿ ಬರೀ ‘ಸಾಬ್ರೇ’. ನಾನು ಮಾತ್ರ ‘ಮಾಮು’ ಎನ್ನುತ್ತಿದ್ದೆ. ಆರೋಗ್ಯ ಇಲಾಖೆಯಲ್ಲಿ ಅವರದು ಸೊಳ್ಳೆ ಹಿಡಿಯುವ ಕೆಲಸ. ಹೌದು, ಸರ್ಕಾರ ಸಂಬಳ ಕೊಟ್ಟು ಸೊಳ್ಳೆ ಹಿಡಿಸುತ್ತದೆ ಎಂಬುದು ತೊಂಡೇಬಾವಿಯಿಂದ ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದ ಮೇಲೆಯೇ ನನಗೆ ಗೊತ್ತಾದದ್ದು, ಬಿ.ಎಸ್ಸಿ. ಓದಿದ್ದೆನಾದರೂ.

ನಮ್ಮ ಬೀದಿಗೆ ಆಗ ನೀರು ಬರುತ್ತಿದ್ದದ್ದು ವಾರಕ್ಕೊಮ್ಮೆ. ಹಾಗಾಗಿ ಮನೆ ಮನೆಗೂ ಡ್ರಮ್ಮು, ಸಂಪು, ಕಲ್ಲುತೊಟ್ಟಿ. ಮಾಮು ಬೆಳಿಗ್ಗೆ ಎಂಟಕ್ಕೆಲ್ಲ ಒಂದು ಬಿಳಿ ಬೋಗುಣಿ, ಉದ್ದ ಹಿಡಿಯ ಸೌಟು ಹಿಡಿದು ಹೊರಡುತ್ತಿದ್ದರು. ಡ್ರಮ್ಮಿನ ಮುಚ್ಚಳ ಸರಿಸಿ, ಸೌಟು ಅದ್ದಿ, ಕುಣಿಯುವ ಮರಿಗಳನ್ನು ಬೋಗುಣಿಗೆ ಬಗ್ಗಿಸಿಕೊಂಡು, ಮನೆಯಾಕೆಗೆ ತೋರಿಸಿ, “ಚೆನ್ನಾಗಿ ಸಾಕಿದೀರಮ್ಮ” ಎಂದು ಹೊಗಳುತ್ತಿದ್ದರು. ಆಕೆ ನಾಚಿಕೆಯಿಂದ ಅಂದೇ ಡ್ರಮ್ಮು ತೊಳೆಯುತ್ತಿದ್ದಳು. ಬೈದಿದ್ದರೆ ತೊಳೆಯುತ್ತಿರಲಿಲ್ಲ ಎಂದು ಅವರಿಗೆ ಗೊತ್ತಿತ್ತು.

ಕೆಲವು ಮರಿಗಳನ್ನು ಮನೆಗೆ ತಂದು, ಬಲೆ ಕಟ್ಟಿದ ಡಬ್ಬಿಯಲ್ಲಿ ಸೊಳ್ಳೆಯಾಗುವವರೆಗೂ ಸಾಕುತ್ತಿದ್ದರು. ಅವಕ್ಕೆ ನೆನೆಸಿದ ಒಣದ್ರಾಕ್ಷಿಯ ಊಟ! ಅವರ ಹೆಂಡತಿ ಗೋಡೆಯಾಚೆಯಿಂದ ನಮಗೆ ಕೇಳುವ ಹಾಗೆಯೇ ಗೊಣಗುತ್ತಿದ್ದರು. ತಾವು ಮೂರು ಮಕ್ಕಳ ಬಾಣಂತನದಲ್ಲೂ ಅಷ್ಟು ದ್ರಾಕ್ಷಿ ಕಂಡಿರಲಿಲ್ಲವಂತೆ.

ಮಾಮುವಿಗೆ ಒಂದು ಕೊರಗಿತ್ತು. ಡೆಂಗೆ ಬಂದಾಗಲೆಲ್ಲ ಬೀದಿಗೆ ಹೊಗೆ ಹೊಡೆಯುತ್ತಾರಲ್ಲ, ಆ ಔಷಧಿಗೆ ನಮ್ಮ ಸೊಳ್ಳೆಗಳು ಸಾಯುತ್ತಿಲ್ಲ ಎಂಬುದು ಅವರ ಅನುಮಾನ. ಹೊಗೆಗೆ ಬೀಳುತ್ತವೆ, ಮತ್ತೆ ಏಳುತ್ತವೆ, ಜನ ಮಾತ್ರ ಹೊಗೆ ಹೊಡೆದರಲ್ಲ ಎಂದು ಡ್ರಮ್ಮು ತೊಳೆಯುವುದನ್ನೇ ಬಿಡುತ್ತಾರೆ. ಇದನ್ನು ಎರಡು ವರ್ಷದಿಂದ ಹೇಳುತ್ತಿದ್ದರು. ಮೇಲಧಿಕಾರಿ ಕೆಟ್ಟವರೇನಲ್ಲ. “ಪರೀಕ್ಷೆ ಮಾಡಿ ತೋರಿಸ್ರೀ” ಎನ್ನುತ್ತಿದ್ದರು, ಅಷ್ಟೆ. ಮಾಮು ನಿವೃತ್ತಿಗೆ ಇನ್ನೆರಡು ತಿಂಗಳಿತ್ತು.

“ಹೋಗೋಕ್ ಮುಂಚೆ ನನ್ ಮಾತು ನಿಜವೋ ಸುಳ್ಳೋ ಗೊತ್ತಾಗ್ಬೇಕಮ್ಮ” ಎಂದು ಒಂದು ದಿನ ನನ್ನ ಹತ್ತಿರ ಹೇಳಿದರು. ಆಗ ಅವರು ನಗುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ನೆನಪಿದೆ...

ಪರೀಕ್ಷೆ ಕಷ್ಟದ್ದಲ್ಲ. ಔಷಧಿ ಸವರಿದ ಕಾಗದವಿರುವ ಕೆಂಪು ಚುಕ್ಕೆಯ ಕೊಳವೆಯಲ್ಲಿ ಸೊಳ್ಳೆಗಳನ್ನು ಒಂದು ಗಂಟೆ ಇಡಬೇಕು. ಆಮೇಲೆ ಹಸಿರು ಚುಕ್ಕೆಯ ಶುದ್ಧ ಕೊಳವೆಗೆ ದಾಟಿಸಿ, ಸಕ್ಕರೆ ನೀರಿನ ಹತ್ತಿ ಇಟ್ಟು, ಇಪ್ಪತ್ತನಾಲ್ಕು ಗಂಟೆ ತಂಪಾದ ಜಾಗದಲ್ಲಿ ಕಾಯಬೇಕು. ಎದ್ದು ನಿಂತವು ಬದುಕಿದ ಲೆಕ್ಕ, ಬಿದ್ದವು ಸತ್ತ ಲೆಕ್ಕ. ಆದರೆ ಮಾಮು ಮನೆಗೆ ಶೀಟಿನ ಮಾಡು. ಏಪ್ರಿಲ್ ಬಿಸಿಲಿಗೆ ಔಷಧಿಯೇ ಬೇಡ, ಸೊಳ್ಳೆಗಳು ತಾವಾಗಿಯೇ ಬೆಂದುಹೋಗುತ್ತಿದ್ದವು. ಇಡೀ ಬೀದಿಯಲ್ಲಿ ತಂಪು, ತೇವ ಎರಡನ್ನೂ ಅಳತೆಯಲ್ಲಿಟ್ಟ ಜಾಗ ಒಂದೇ. ಅದು ಒದ್ದೆ ಗೋಣಿ ಇಳಿಬಿಟ್ಟ ನಮ್ಮ ಹುಳದ ಮನೆ.

ಹುಳದ ಮನೆಗೆ ಸೊಳ್ಳೆ ತರುತ್ತೇನೆ ಎಂದರೆ ಅತ್ತೆ ಕೇಳಬೇಕಲ್ಲ! ಹೊಲಕ್ಕೆ ಹೊಡೆದ ಔಷಧಿಯ ಗಾಳಿ ಬೀಸಿದರೂ ಹುಳ ಒದ್ದಾಡಿ ಸಾಯುತ್ತವೆ ಎಂದು ನಡುಗುವ ಜೀವ ಅದು. ಹೊಗೆಯಂತ್ರದವರು ಬಂದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಮಾಮು ಉಪಾಯವಾಗಿ ಹೇಳಿದರು: “ಇವು ಬದುಕ್ಬಿಟ್ರೆ ಹೊಗೆ ಬರಲ್ಲ ಅಕ್ಕಾ.” ಅತ್ತೆ ಒಂದು ನಿಮಿಷವೂ ಯೋಚಿಸದೆ ಒಪ್ಪಿದರು. ಆದರೆ ಷರತ್ತುಗಳು ಬಂದವು. ಔಷಧಿ ಕಾಗದ ನಮ್ಮ ಹೊಸ್ತಿಲು ದಾಟಕೂಡದು, ಸಾಬ್ರು ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ಕಾಲು ತೊಳೆದು ಬರಬೇಕು, ಕೊಳವೆಗಳು ಹೊರಗಿನ ಚಿಕ್ಕ ಕೋಣೆಯಲ್ಲಿಯೇ ಇರಬೇಕು.

ಪರೀಕ್ಷೆ ಇಟ್ಟುಕೊಂಡ ದಿನಕ್ಕಾಗಲೇ ಬೀದಿಯಲ್ಲಿ ಎರಡು ಮನೆಗೆ ಡೆಂಗೆ ಬಂದಿತ್ತು. ಮರುದಿನ ಮಧ್ಯಾಹ್ನ ಹೊಗೆ ಎಂದು ಗೊತ್ತಾಗಿತ್ತು. ಮಾಮು ಬೆಳಿಗ್ಗೆಯೇ ತಮ್ಮ ಮನೆಯಲ್ಲಿ ಔಷಧಿಯ ಒಂದು ಗಂಟೆ ಮುಗಿಸಿ, ಸ್ನಾನ ಮಾಡಿ, ಹಸಿರು ಚುಕ್ಕೆಯ ಕೊಳವೆಗಳನ್ನು ಮಗುವನ್ನು ಎತ್ತಿಕೊಂಡ ಹಾಗೆ ತಂದು ಸಾಲಾಗಿ ಇಟ್ಟರು. ಔಷಧಿಯನ್ನೇ ಕಾಣದ ಸೊಳ್ಳೆಗಳ ಕೊಳವೆಯೂ ಒಂದಿತ್ತು, ಹೋಲಿಸಿ ನೋಡುವುದಕ್ಕೆ. ಹೆಂಡತಿಯ ಹರಕೆಯಿತ್ತು, ಮುರುಗಮಲ್ಲದ ದರ್ಗಾಕ್ಕೆ ಹೋಗಿ ರಾತ್ರಿ ಉಳಿದು ಬರಬೇಕಿತ್ತು. ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು, “ನಾಳೆ ಹನ್ನೊಂದು ಗಂಟೆಗೆ ಎಣಿಸಮ್ಮ. ಅಲ್ಲೀವರೆಗೂ ಏನೂ ಬರೀಬೇಡ” ಎಂದು ಬಸ್ಸಿಗೆ ಹೋದರು.

ನನಗೆ ತಡೆಯಬೇಕಲ್ಲ? ಊಟ ಮಾಡಿ ಎರಡು ಗಂಟೆಗೆ ಹೋಗಿ ನೋಡಿದೆ. ಔಷಧಿ ಕಾಣದವು ಆರಾಮವಾಗಿ ಹಾರಾಡುತ್ತಿದ್ದವು. ಉಳಿದ ಕೊಳವೆಗಳಲ್ಲಿ ಎಲ್ಲವೂ ಕಾಲು ಮೇಲೆ ಮಾಡಿ ಬಿದ್ದಿದ್ದವು. ತಟ್ಟಿದೆ, ಊದಿದೆ, ಅಲುಗಲಿಲ್ಲ. ಸತ್ತದ್ದು ಸತ್ತಿದೆ ಎನ್ನಲು ಇನ್ನೊಂದು ದಿನ ಯಾಕೆ ಕಾಯಬೇಕು? ಬಿ.ಎಸ್ಸಿ. ಓದಿದ ಕೈ, ದಪ್ಪ ಅಕ್ಷರದಲ್ಲಿ ‘ಎಲ್ಲವೂ ಸತ್ತಿವೆ’ ಎಂದು ಬರೆದು ಸಮಯವನ್ನೂ ಹಾಕಿತು. ಅಷ್ಟಕ್ಕೇ ಸುಮ್ಮನಿರದೆ ಫೋನೂ ಮಾಡಿದೆ.

“ಎಲ್ಲಾ ಸತ್ತಿವೆ ಮಾಮು, ತಟ್ಟಿದ್ರೂ ಅಲುಗ್ತಿಲ್ಲ” ಎಂದೆ. ಎಣಿಸುವ ಹೊತ್ತಿಗೆ ಇನ್ನೂ ಒಂದು ರಾತ್ರಿ ಇದೆ ಎಂಬುದು ಎರಡು ವರ್ಷ ಕಾದ ಅವರಿಗೂ ಆಗ ಹೊಳೆಯಲಿಲ್ಲ. ಅಷ್ಟೊಂದು ಮನಸ್ಸು ಕುಗ್ಗಿತ್ತೇನೋ... “ಒಳ್ಳೇದೇ ಆಯ್ತಲ್ಲಮ್ಮ. ಔಷಧಿ ಕೆಲ್ಸ ಮಾಡ್ತಿದೆ ಅಂದ್ರೆ ಜನಕ್ಕೆ ಒಳ್ಳೇದು. ನಾನೇ ತಪ್ಪು ತಿಳ್ಕೊಂಡಿದ್ದೆ. ಸಾಹೇಬ್ರಿಗೆ ಹೇಳ್ಬಿಡ್ತೀನಿ” ಎಂದರು.

ಕೊಳವೆಗಳನ್ನು ಗೊಬ್ಬರದ ಗುಂಡಿಗೆ ಬಗ್ಗಿಸಲು ಹೊರಟೆ. ಅತ್ತೆ ತಡೆದರು. ಒಳಗೆ ಆ ಹೊತ್ತು ನಮ್ಮ ಹುಳಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಕಳಚುವ ಮುಂಚೆ ಹುಳ ಸೊಪ್ಪು ಬಿಟ್ಟು, ತಲೆ ಎತ್ತಿ, ಒಂದು ದಿನ ಅಲ್ಲಾಡದೆ ಇರುತ್ತದಲ್ಲ, ಅದನ್ನೇ ನಮ್ಮ ಕಡೆ ಜ್ವರ ಎನ್ನುವುದು. ಆಗ ಅವನ್ನು ಮುಟ್ಟುವ ಹಾಗಿಲ್ಲ, ಎತ್ತಿ ಬಿಸಾಡುವ ಮಾತಂತೂ ಇಲ್ಲವೇ ಇಲ್ಲ.

“ಇವೂ ಜ್ವರಕ್ಕೆ ಕೂತಿವೆ ಕಣೇ. ಬೆಳಗಾಗ್ಲಿ ಇರು” ಎಂದರು.

“ಅತ್ತೆ, ಇವು ಸೊಳ್ಳೆ! ಸತ್ತೋಗಿವೆ.”

“ನಿನ್ಗೇನೇ ಗೊತ್ತು? ಇಷ್ಟ್ ವರ್ಷ ಹುಳ ಸಾಕಿರೋದು ನೀನಾ, ನಾನಾ?”

ವಾದ ಮಾಡಿ ಗೆದ್ದ ಸೊಸೆ ನಮ್ಮ ಬೀದಿಯಲ್ಲಿ ಆಗ ಯಾರೂ ಇರಲಿಲ್ಲ. ಕೊಳವೆಗಳು ಅಲ್ಲೇ ಉಳಿದವು.

ಬೆಳಿಗ್ಗೆ ಹುಳ ನೋಡಲು ಹೋದ ಅತ್ತೆಯ ಕೂಗು ಅಡುಗೆಮನೆಗೆ ಕೇಳಿತು. ಅವರ ತವರು ಚಿಂತಾಮಣಿಯಾಚೆ, ಆಂಧ್ರದ ಗಡಿಯಲ್ಲಿ. ಖುಷಿ ಹೆಚ್ಚಾದರೆ ತೆಲುಗು ತಾನಾಗಿ ಬರುತ್ತಿತ್ತು. “ಲೇಚಿನಾಯೇ! ಅನ್ನೀ ಲೇಚಿನಾಯೇ!” ಎದ್ದಿವೆ, ಎಲ್ಲಾ ಎದ್ದಿವೆ! ನಮ್ಮ ಹುಳಗಳು ಜ್ವರದಿಂದ ಎದ್ದವೆಂದುಕೊಂಡು ನಿಧಾನವಾಗಿ ಹೋದೆ. ಎದ್ದಿದ್ದವು ಸೊಳ್ಳೆಗಳು. ಎಲ್ಲವೂ ಅಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು. ಸಕ್ಕರೆ ನೀರಿನ ಹತ್ತಿಯ ಮೇಲೆ ಕೂತು ತಿಂಡಿ ತಿನ್ನುತ್ತಿದ್ದವು.

ಕೂಡಲೇ ಮಾಮುವಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಎರಡು ಗಂಟೆಗೇ ನೋಡಿ ಬರೆದುಬಿಟ್ಟಿದ್ದೆ, ಈಗ ಅರ್ಧಕ್ಕಿಂತ ಹೆಚ್ಚು ಎದ್ದಿವೆ ಎಂದೆ. ಬಯ್ಯುತ್ತಾರೆಂದು ಕಾದೆ. ಕೇಳಿದ್ದು ನಗು. “ಮುಟ್ಬೇಡಿ, ಬಂದೆ” ಎಂದರು. ಚಿಂತಾಮಣಿಯಲ್ಲಿ ಬಸ್ಸು ಬದಲಾಯಿಸಿ, ಹನ್ನೊಂದಕ್ಕೆ ಸರಿಯಾಗಿ, ದರ್ಗಾದ ಸಕ್ಕರೆಯ ಪೊಟ್ಟಣ ಕೈಯಲ್ಲಿ ಹಿಡಿದೇ ಓಡಿಬಂದರು. ಹೊಸ್ತಿಲ ಹತ್ತಿರ ಅತ್ತೆ “ಸಾಬ್ರೇ, ಕಾಲು!” ಎಂದು ಗದರಿದರು. ಪ್ರಪಂಚ ಮುಳುಗಿದರೂ ಕಾಲು ತೊಳೆಯದೆ ಹುಳದ ಮನೆಗೆ ಪ್ರವೇಶವಿಲ್ಲ. ಕಾಲು ತೊಳೆದು ಬಂದು ಮಾಮು ಮೂರು ಸಲ ಎಣಿಸಿದರು. ಮೂರನೇ ಸಲ ಅವರ ಕಣ್ಣು ಒದ್ದೆಯಾಗಿತ್ತು.

ಮಧ್ಯಾಹ್ನ ಅಧಿಕಾರಿಯೂ ಹೊಗೆಯಂತ್ರದವರೂ ಬಂದರು. ಅಧಿಕಾರಿ ಕೊಳವೆಗಳನ್ನು ಬೆಳಕಿಗೆ ಹಿಡಿದು ನೋಡಿ, ಅತ್ತೆಯ ಕಡೆ ತಿರುಗಿ, “ಹೊಗೆ ಬೇಡ ಅಂತ ನೀವೇ ಬೇರೆ ಸೊಳ್ಳೆ ಬಿಟ್ಟಿಲ್ಲ ತಾನೆ?” ಎಂದರು. ತಮಾಷೆಗೆ ಕೇಳಿದ್ದೇ, ಆದರೂ ಮಾಮು ಮುಖ ಸಣ್ಣದಾಯಿತು. ಆಗ ನಾನು ನೋಟ್‌ಬುಕ್ಕನ್ನು ಮುಂದೆ ಚಾಚಿದೆ. ‘ಎಲ್ಲವೂ ಸತ್ತಿವೆ’ ಎಂಬ ನನ್ನ ದಪ್ಪ ಅಕ್ಷರ, ಕೆಳಗೆ ಸಮಯ. ಮೋಸ ಮಾಡುವವರು ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಳ್ಳುತ್ತಾರೆಯೆ? ಅಧಿಕಾರಿ ಓದಿ ಜೋರಾಗಿ ನಕ್ಕರು. ನನ್ನ ದಡ್ಡತನವೇ ಸಾಕ್ಷಿಯಾಯಿತು. ಅಂದು ಯಂತ್ರ ಚಾಲೂ ಆಗಲಿಲ್ಲ. ಯಂತ್ರ ತಂದವರೇ ಪಂಚೆ ಎತ್ತಿ ಕಟ್ಟಿ, ಬೀದಿಯವರ ಜೊತೆ ಸಂಜೆಯವರೆಗೂ ಡ್ರಮ್ಮು ಬೋರಲು ಹಾಕಿ ಉಜ್ಜಿದರು.

ಬದುಕಿದ ಸೊಳ್ಳೆಗಳು ಪ್ರಯೋಗಾಲಯಕ್ಕೆ ಹೋದವು. ಮಾಮು ನಿವೃತ್ತಿಯ ವಾರದಲ್ಲಿ ಉತ್ತರ ಬಂತು, ಅದನ್ನು ಹೇಳಲು ಅವರು ನಮ್ಮ ಮನೆಗೆ ಬಂದರು. ಸೊಳ್ಳೆಗಳ ವಂಶವಾಹಿಯಲ್ಲೇ ಬದಲಾವಣೆಯಾಗಿದೆ, ಔಷಧಿ ತಡೆಯುವ ಗುಣ ತಾಯಿಯಿಂದ ಮರಿಗೆ ಇಳಿಯುತ್ತಿದೆ ಎಂದು. ನಾನು ಅತ್ತೆಗೆ ಬಿಡಿಸಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು: “ಇದ್ರಲ್ಲೇನಿದೆ? ನಾವು ಗಟ್ಟಿ ಹುಳದ ಗೂಡು ಆರಿಸಿ ಬಿತ್ತನೆಗೆ ಬಿಡಲ್ವಾ? ನೀವು ಹೊಗೆ ಹೊಡ್ದು ಹೊಡ್ದು ಮೆತ್ತಗಿರೋವನ್ನ ಸಾಯ್ಸಿದ್ರಿ, ಗಟ್ಟಿಗಳ್ನ ಬಿತ್ತನೆಗೆ ಬಿಟ್ರಿ. ಹೊಸಾ ತಳಿ ಮಾಡ್ದೋರು ನೀವೇ ಸಾಬ್ರೇ!” ಮಾಮು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀಳ್ಕೊಡುಗೆಯ ಸಭೆಯಲ್ಲಿ ಭಾಷಣ ಮಾಡಿ ಎಂದಾಗ ಈ ಮಾತನ್ನೇ ಹೇಳಿ, “ಇದು ನಮ್ ಪಕ್ಕದ ಮನೆ ಅಕ್ಕಂದು” ಎಂದು ಸೇರಿಸಿದರಂತೆ.

ಆಮೇಲೆ ಅವರು ಮಗಳ ಊರಾದ ಗೌರಿಬಿದನೂರಿಗೆ ಹೋಗಿ ನೆಲೆಸಿದರು. ಹಬ್ಬಕ್ಕೆ ಬಂದಾಗ ನನ್ನನ್ನು ನೋಡಿದ ಕೂಡಲೇ, “ಗಂಟೆ ಎಷ್ಟಮ್ಮ?” ಎಂದು ಕೇಳಿ ಕಾಡುವುದು ತಪ್ಪಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಅವರ ಮಗಳು ಫೋನ್ ಮಾಡಿದಳು. ನಿದ್ದೆಯಲ್ಲಿಯೇ ಹೋಗಿಬಿಟ್ಟರಂತೆ... ಸೊಪ್ಪು ಕತ್ತರಿಸುತ್ತಿದ್ದ ಅತ್ತೆಗೆ ಹೇಳಿದೆ. ಅವರು ಕತ್ತಿ ಕೆಳಗಿಡಲಿಲ್ಲ.

“ಸರಿಯಾಗ್ ನೋಡಿದಾರೇನೇ? ಬೆಳಗಾಗೋವರ್ಗೂ ಇರೋಕ್ ಹೇಳು” ಎಂದರು.

ಬೆಳಗಾಗಿ ಎಷ್ಟೋ ಹೊತ್ತಾಗಿತ್ತು.

ಮೊನ್ನೆ ಆ ಕೊಳವೆಯನ್ನು ಸೆರಗಿನಿಂದ ಒರೆಸಿ ಅತ್ತೆಗೆ ತೋರಿಸಿದೆ. ಕಣ್ಣು ಮಂಜಾಗಿದೆ, ಹಸಿರು ಚುಕ್ಕೆಯನ್ನು ಬೆರಳಿನಿಂದ ಸವರಿ ಗುರುತು ಹಿಡಿದರು. ಹೊರಗಿನ ಚಿಕ್ಕ ಕೋಣೆಯಲ್ಲಿ, ಅವತ್ತು ಇದ್ದ ಜಾಗದಲ್ಲೇ ಇಡಲು ಹೇಳಿದರು. ಇಟ್ಟಿದ್ದೇನೆ. ಹೊಸ ಹುಳಗಳು ಬಂದು ಮೊದಲ ಜ್ವರಕ್ಕೆ ಕೂತಿವೆ. ಅವನ್ನು ನೋಡಲು ಹೋದಾಗಲೆಲ್ಲ ಅತ್ತೆ ಆ ಖಾಲಿ ಕೊಳವೆಯನ್ನೂ ಒಮ್ಮೆ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ.