ಶಾಂತಾಬಾಯಿ ಕೊಟ್ಟ ಬಟ್ಟಲು

ಮಾತಾಡುವಾಗ ಶಾಂತಾಬಾಯಿಯ ಕಣ್ಣು ನಮ್ಮ ಮುಖದ ಮೇಲೆಯೇ ಇರುತ್ತಿತ್ತು. ಬೆರಳು ಮಾತ್ರ ತಟ್ಟೆಯಲ್ಲಿ ಕಪ್ಪಾದ ಒಣದ್ರಾಕ್ಷಿಯನ್ನು ಹುಡುಕಿ ಆಚೆ ತಳ್ಳುತ್ತಿತ್ತು. ತಿಕೋಟಾದ ಶೆಡ್ಡುಗಳಲ್ಲಿ ಮೂವತ್ತು ವರ್ಷ ದ್ರಾಕ್ಷಿ ಆರಿಸಿದ ಕೈ ಅದು.

ನಮ್ಮ ಪ್ರಾರ್ಥನಾಲಯದಲ್ಲಿ ತಿಂಗಳಿಗೊಮ್ಮೆ ಪ್ರಭುಭೋಜನ. ವಿಜಯಪುರದಿಂದ ಪಾಲಕರು, ಅಂದರೆ ಪಾದ್ರಿ, ಬಂದು ಯೇಸುವಿನ ಕೊನೆಯ ಊಟದ ನೆನಪಿಗೆ ‘ಪ್ರಭುವಿನ ಮೇಜಿ’ನಿಂದ ಒಂದು ತುಂಡು ರೊಟ್ಟಿ, ಚಿಕ್ಕ ಬಟ್ಟಲಿನಲ್ಲಿ ದ್ರಾಕ್ಷಿರಸ ಕೊಡುತ್ತಾರೆ. ಒಣದ್ರಾಕ್ಷಿ ಕುದಿಸಿ, ಹಿಂಡಿ ಆ ರಸ ಮಾಡುತ್ತಿದ್ದವರು ಶಾಂತಾಬಾಯಿ. ಅದಕ್ಕೆ ಮಾತ್ರ ಅವರು ಆರಿಸುತ್ತಿರಲಿಲ್ಲ. ಕಪ್ಪಾದದ್ದು, ಒಡೆದದ್ದು, ಸೊರಗಿದ್ದು ಎಲ್ಲವೂ ಬೋಗುಣಿಗೆ. ಯಾಕೆಂದು ಒಮ್ಮೆ ಕೇಳಿದೆ.

“ಶೆಡ್ಡಿನ್ಯಾಗ ಆರಿಸಿ ಆರಿಸಿ ಕಣ್ಣ ಮಂಜಾಗ್ಯಾವ ತಮ್ಮಾ. ದೇವರ ಮನ್ಯಾಗೂ ಅದನ್ನ ಮಾಡ್ಲೇನ? ಅಂವ ಆರಿಸಾಕ ಕುಂತಿದ್ರ ನಾ ಎಲ್ಲಿ ಉಳೀತಿದ್ದೆ?”

ಅವರನ್ನು ಸಾಧು ಮುದುಕಿ ಎಂದುಕೊಳ್ಳಬಾರದು. ಯಾರದಾದರೂ ಪ್ರಾರ್ಥನೆ ಉದ್ದವಾದರೆ, “ದೇವರಿಗೂ ಬ್ಯಾರೆ ಕೆಲಸ ಅದಾವ, ಮುಗಸ್ರಿ,” ಎನ್ನುತ್ತಿದ್ದರು. ಅಳಿಯ ಪ್ರಕಾಶನ ಹೆಸರೆತ್ತಿದರೆ ಬಾಗಿಲಾಚೆ ಉಗುಳುತ್ತಿದ್ದರು. ಅವನು ಇವರ ಮಗಳನ್ನು ಬಡಿದು, ಬಿಟ್ಟು, ಬಬಲೇಶ್ವರದಲ್ಲಿ ಇನ್ನೊಬ್ಬಳೊಂದಿಗೆ ಸಂಸಾರ ಹೂಡಿದ್ದ.

ಎರಡು ವರ್ಷದ ಹಿಂದೆ ಅವನು ಹೊಟ್ಟೆ ಬಾತು, ಕಣ್ಣು ಹಳದಿಯಾಗಿ ತಿಕೋಟಾಕ್ಕೆ ಬಂದ. ವೈದ್ಯರು ಕೈಚೆಲ್ಲಿದ್ದರು. ಸಾಯುವ ಮುನ್ನ ಒಮ್ಮೆ ಪ್ರಭುಭೋಜನ ಬೇಕೆಂದು ಕೇಳಿದ. ಆರು ತಿಂಗಳು ತಪ್ಪದೆ ಆರಾಧನೆಗೆ ಬರಲಿ, ಆಮೇಲೆ ನೋಡೋಣ ಎಂದು ಪ್ರಾರ್ಥನಾಲಯದ ಸಮಿತಿ ನಿರ್ಣಯಿಸಿತು. ಆರು ವಾರ ಬದುಕುವುದೂ ಕಷ್ಟವಿದ್ದವನಿಗೆ ಆರು ತಿಂಗಳು. ನಿರ್ಣಯ ಪುಸ್ತಕದಲ್ಲಿ ಇದಕ್ಕೆ ‘ಶಿಸ್ತು’ ಎಂಬ ಶೀರ್ಷಿಕೆ ಇದೆ.

ಆ ತಿಂಗಳ ಪ್ರಭುಭೋಜನದ ಭಾನುವಾರ ಅವನು ಹಿಂದೆ, ಚಪ್ಪಲಿಗಳ ಪಕ್ಕ ಕುಳಿತಿದ್ದ. ಬಟ್ಟಲುಗಳ ತಟ್ಟೆ ಅವನ ಮುಂದೆ ನಿಲ್ಲಲಿಲ್ಲ. ನನ್ನ ಮುಂದೆ ನಿಂತಿತು, ತೆಗೆದುಕೊಂಡು ಕುಡಿದೆ. ಅದೂ ದಾಖಲಾಗಲಿ. ಶಾಂತಾಬಾಯಿ ತಮ್ಮ ಬಟ್ಟಲು ಹಿಡಿದು ಎದ್ದು, ಹಿಂದಕ್ಕೆ ಹೋಗಿ ಅಳಿಯನ ಕೈಗೆ ಕೊಟ್ಟರು.

“ಇದು ಸಭಾದ ನಿಯಮ ಐತಿ,” ಎಂದರು ಸಮಿತಿಯ ಕಾರ್ಯದರ್ಶಿ. “ನಿನ್ನ ಮಗಳ ಬಾಳೇವು ಹಾಳ ಮಾಡಿದಾವ ಅಂವ. ಮರತಿಯೇನು?”

“ಮರಿಯಾಕ ನನಗೇನ ಅರಳುಮರಳೇನ್ರಿ? ಇವನ ಮಾರಿ ನೋಡಾಕ ಮನಸಿಲ್ಲ ನನಗ. ಮನಿಗೆ ಬಂದ್ರ ನೀರೂ ಕೊಡಾಂಗಿಲ್ಲ. ಆದ್ರ ಈ ಮೇಜು ನಂದಲ್ರಿ. ನಿಮ್ದೂ ಅಲ್ಲ.” ಪ್ರಕಾಶನ ಕಡೆ ತಿರುಗಿದರು: “ಕುಡೀಲೇ, ಏನ್ ನೋಡ್ತಿ?”

ಅವನು ಕುಡಿದ. ಒಂಬತ್ತನೆಯ ದಿನ ತೀರಿಕೊಂಡ.

ಲಿಖಿತ ಕ್ಷಮಾಪಣೆ ಕೊಡುವವರೆಗೆ ಶಾಂತಾಬಾಯಿಗೆ ಪ್ರಭುಭೋಜನವಿಲ್ಲ ಎಂದಿತು ಸಮಿತಿ. ರಸ ವಿಜಯಪುರದ ಗಾಂಧಿ ಚೌಕದ ಅಂಗಡಿಯಿಂದ ಬಾಟಲಿಯಲ್ಲಿ ಬರತೊಡಗಿತು. ಕಳೆದ ವರ್ಷ ಅವರು ಹಾಸಿಗೆ ಹಿಡಿದರು. ಪಾಲಕರನ್ನು ಕರೆಸಿ, ಆ ಒಂದು ತುಂಡು ರೊಟ್ಟಿ ಕೊಡಿಸಿ ಎಂದು ಮಗಳ ಕೈಯಲ್ಲಿ ಸಮಿತಿಗೆ ಹೇಳಿ ಕಳಿಸಿದರು. ಕಾರ್ಯದರ್ಶಿ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನಾನು ಕೆಲಸ ಮಾಡುವ ಪತ್ರಿಕೆಯ ಕಚೇರಿಗೆ ಬಂದು, “ಆ ಕ್ಷಮಾಪಣಾ ನೀವ ಬರದು ಹೆಬ್ಬಟ್ಟ ಒತ್ತಿಸಿಬಿಡ್ರಿ, ಮುಗೀತು,” ಎಂದರು.

ಬರೆದುಕೊಂಡು ಹೋಗಿ ಓದಿದೆ. ‘ನಾನು ಅರಿಯದೆ ಮಾಡಿದ ತಪ್ಪನ್ನು’ ಎಂಬಲ್ಲಿಗೆ ಅವರು ಕೈಯೆತ್ತಿದರು.

“ಅರಿಯದ ಅಂತ ಯಾಕ ಬರದಿ?”

“ಸುಮ್ನ ಒತ್ತಬೇ ಆಯಿ. ಭಾನುವಾರ ಪಾಲಕರು ಬರ್ತಾರ.”

“ಸುಳ್ಳ ಬರದು ದೇವರ ಕೃಪಾ ತಗೊಳ್ಲೇನ? ಹೊಡದ್ ಹಾಕು. ಅರತ ಮಾಡೇನಿ, ಮತ್ತ ಬಂದ್ರ ಮತ್ತೂ ಮಾಡ್ತೇನಿ ಅಂತ ಬರಿ.”

ಹಾಗೆಯೇ ಬರೆದೆ. ಹೆಬ್ಬೆಟ್ಟು ಒತ್ತಿ, “ನಿನ್ನ ಪೇಪರಿನ್ಯಾಗ ಎಂದಾರ ಇಷ್ಟ ಖರೇ ಬರದಿಯೇನ?” ಎಂದು ನಕ್ಕರು. ಅದೇ ಕೊನೆಯ ಭೇಟಿ.

ಪತ್ರ ಸಲ್ಲಿಸಿದೆ. ಪಾಲಕರು ಬಂದರು, ಹೋದರು. ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಮರುವಾರ ಶಾಂತಾಬಾಯಿ ಹೋಗಿಬಿಟ್ಟರು. ಮಣ್ಣು ಕೊಡುವಾಗ, ಈ ತಾಯಿ ದೇವರ ಕೃಪೆಗೆ ಜೀವಂತ ಸಾಕ್ಷಿಯಾಗಿದ್ದರು ಎಂದು ಕಾರ್ಯದರ್ಶಿ ಕಾಲು ಗಂಟೆ ಮಾತಾಡಿದರು.

ಪತ್ರ ಏನಾಯಿತೆಂದು ಮೊನ್ನೆ ಅವರನ್ನು ಕೇಳಿದೆ.

“ಇನ್ನೂ ಪರಿಶೀಲನಾದಾಗ ಐತ್ರಿ,” ಎಂದರು.