ಶುಕ್ರವಾರದ ಕಾಲೇಜು ಆಯ್ಕೆ ಸಮಿತಿ

“ಎಂತ ಮಾರಾಯ್ರೆ, ನಿಮ್ಮ ಮಗಳು ಹುಟ್ಟಿದ್ದೇ ಫಾರಿನ್ನಲ್ಲಿ. ಇನ್ನು ಫೀಸು ಕೊಟ್ಟು ಇಂಟರ್‌ನ್ಯಾಷನಲ್ ಸ್ಟಡೀಸ್ ಬೇರೆ ಓದ್ಲಿಕ್ಕೆ ಉಂಟಾ?”

ಸೌದಿ ಅರೇಬಿಯಾದ ಯಾನ್ಬು ಪಟ್ಟಣದ ನಮ್ಮ ಮನೆಯಲ್ಲಿ ಶುಕ್ರವಾರದ ಊಟ ಮುಗಿಸಿದ ಗೆಳೆಯ ಹಮೀದಾಕ ಹೀಗೆ ಕೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು, ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಇಲ್ಲಿರುವ ನಮ್ಮ ಕರಾವಳಿಯವರ ಮಕ್ಕಳ ಭವಿಷ್ಯ ನಿರ್ಧಾರವಾಗುವುದು ಇಂಥ ಊಟದ ನಂತರವೇ. ರಿಫೈನರಿಯ ಪೈಪು ಬಿಟ್ಟು ಬೇರೇನನ್ನೂ ಪರೀಕ್ಷಿಸದ ನಮ್ಮ ತಜ್ಞರು, ಮಗಳು ಸಹನಾ ಆರಿಸಿಟ್ಟಿದ್ದ ಲಿಬರಲ್ ಆರ್ಟ್ಸ್ ಕಾಲೇಜುಗಳನ್ನೆಲ್ಲ ಪರಿಶೀಲಿಸಿದರು. ಹಾಸ್ಟೆಲ್ಲಿನಲ್ಲಿ ಮೀನು ಬಡಿಸುವ ಕಾಲೇಜಿಗೆ ಮೊದಲ ಸ್ಥಾನ ಸಿಕ್ಕಿತು. ಇವೆಲ್ಲಕ್ಕಿಂತ ಎಂಜಿನಿಯರಿಂಗೇ ವಾಸಿ ಎಂಬ ತೀರ್ಪೂ ಬಂತು.

ಚಹಾ ತಂದ ಸಹನಾ ಮೆಲ್ಲಗೆ ಕೇಳಿದಳು: “ಅಂಕಲ್, ನಾನು ಹುಟ್ಟಿದಾಗಿಂದ ಇಲ್ಲೇ ಇದ್ದೇನೆ. ಒಂದೇ ಒಂದು ಸೌದಿ ಮನೆಯ ಒಳಗೆ ಹೋಗಿಲ್ಲ. ನೀವು ಯಾರಾದ್ರೂ ಹೋಗಿದ್ದೀರಾ?”

ಚಹಾಕ್ಕೆ ಸಕ್ಕರೆ ಸಾಲದೆಂದು ಹಮೀದಾಕ ಹೇಳಿದರು.

ಅವಳು ತನಗೆ ಬೇಕಾದ ಕಾಲೇಜನ್ನೇ ಸೇರಿದಳು. ನಾನು ಮಾತ್ರ, ವರ್ಷಗಟ್ಟಲೆ ನಮ್ಮ ಎದುರು ಮನೆಯಲ್ಲಿದ್ದ ಸೌದಿ ಯಜಮಾನರ ಹೆಸರನ್ನು ಈಗಲೂ ನೆನಪಿಸಿಕೊಳ್ಳಲು ಒದ್ದಾಡುತ್ತೇನೆ. ಮರೆತಿದ್ದೇನೆ ಅಂದುಕೊಂಡಿದ್ದೆ, ಬಹುಶಃ ಕೇಳಿಯೇ ಇರಲಿಲ್ಲ.