ಅರಗು ಹಚ್ಚಿದ ಮುಚ್ಚಳ

ಮೊನ್ನೆ ಪತ್ತಾರನ ಅಂಗಡಿಯಲ್ಲಿ ಮೊಮ್ಮಗಳ ಗುಂಡಿನ ಸರಕ್ಕೆ ಅರಗು ಕಾಸಿ ತುಂಬುತ್ತಿದ್ದರು. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಕಮಲಾಪುರದ ನಮ್ಮ ಅಂಗಳ ಕಣ್ಣಮುಂದೆ ಬಂತು. "ಏನಾತು ಆಯಿ, ತಲಿ ತಿರಗಲಾಕತ್ತದೇನು?" ಅಂದಳು ಹುಡುಗಿ. "ಸುಮ್ನ ನಿನ್ನ ಸರ ನೋಡು" ಅಂದೆ. ನಿಮಗೂ ಅಂಥದೊಂದು ಅಂಗಳ ಇದ್ದೀತು, ನೆನೆದರೆ ಸುಖವೂ ಆಗುವಂಥದು, ತಲೆಯೂ ತಗ್ಗುವಂಥದು.

ನಿಜಾಮರ ಕಾಲ. ಎಲ್ಲೋ ದೂರದಲ್ಲಿ ಲಡಾಯಿ ನಡೆದಿತ್ತು, ಘಾಸಲೇಟ್, ಅಂದರೆ ಸೀಮೆಎಣ್ಣೆ, ಸಿಗುವುದೇ ಕಷ್ಟ. ಊರ ಮಂದಿ ದೀಪಕ್ಕೂ ಎಣ್ಣೆಯಿಲ್ಲದೆ ಹೊತ್ತು ಮುಳುಗಿದ ಕೂಡಲೇ ಮಲಗುತ್ತಿದ್ದರೆ ನಮ್ಮ ಟ್ರ್ಯಾಕ್ಟರ್ ಅದನ್ನೇ ಕುಡಿಯುತ್ತಿತ್ತು. ಹೈದರಾಬಾದಿನಲ್ಲಿ ಯಾರೋ ಬಳಸಿ ಬಿಟ್ಟ ಮುದಿ ಗಾಡಿ ಅದು, ಅಪ್ಪ ಹಟ ಹಿಡಿದು ತಂದಿದ್ದ. ಮೊದಲು ಪೆಟ್ರೋಲಿನ ಮೇಲೆ ಚಾಲೂ ಮಾಡಿ, ಇಂಜಿನ್ ಬಿಸಿಯಾದ ಮೇಲೆ ಘಾಸಲೇಟಿಗೆ ತಿರುಗಿಸಬೇಕು. ಅದನ್ನು ನಡೆಸಲಿಕ್ಕೆ ಕಲಬುರಗಿಯ ಗಾಜಿಪುರದಿಂದ ಖಾಸಿಮಣ್ಣ ಬಂದ. ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಇರುತ್ತಿದ್ದ. ಅವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ಕಳಿಸಿದರೆ, ಒಂದು ತುತ್ತು ನನಗೆ ಕೊಟ್ಟೇ ತಾನು ಉಣ್ಣುವವನು. ಅವನ ಕೈಗೆ ಯಾವಾಗಲೂ ಎಣ್ಣೆ ವಾಸನೆ, ಆ ತುತ್ತಿಗೂ ಅದೇ ವಾಸನೆ. ನನಗೆ ಅದೇ ರುಚಿ ಅನ್ನಿಸುತ್ತಿತ್ತು.

ಎಣ್ಣೆ ಕದ್ದಾರು ಅಂತ ಅಪ್ಪನಿಗೆ ಸಂಶಯ ಹೊಕ್ಕಿತು. ದಿನಾ ಮುಂಜಾನೆ ತಾನೇ ಗಾಡಿಯ ಎಣ್ಣೆ ಟಾಕಿ ತುಂಬಿ, ಮುಚ್ಚಳದ ಮೇಲೆ ಅರಗು ಸುರಿದು, ಬೆರಳಿನ ಉಂಗುರದ ಮುದ್ರೆ ಒತ್ತತೊಡಗಿದ. "ಗೌಡ್ರ, ಇಂಜಿನ್ನಿಗಿ ತಾಯತ ಕಟ್ಟಿದಂಗಾತು ನೋಡ್ರಿ" ಅಂತ ಖಾಸಿಮಣ್ಣ ನಕ್ಕ. ಅಪ್ಪ ನಗಲಿಲ್ಲ. ಆ ವಾರದಿಂದಲೇ ಗಾಡಿ ಕೆಟ್ಟಿತು. ಹೊಲಕ್ಕೆ ಹೋಗಿ ಎರಡು ಸಾಲು ಹೊಡೆಯುವುದರೊಳಗೆ ಕೆಮ್ಮಿ ಕೆಮ್ಮಿ ನಿಂತುಬಿಡುವುದು. ಖಾಸಿಮಣ್ಣ ಕಾರಬೇಟರ್ ಬಿಚ್ಚಿ ತೊಳೆದ, ಕಸ ಕೂರುವ ಗಾಜಿನ ಬಟ್ಟಲು ಒರೆಸಿದ, ಎಣ್ಣೆ ನಳವನ್ನು ಬಾಯಲ್ಲಿಟ್ಟು ಊದಿದ. ಏನೂ ಸಿಗಲಿಲ್ಲ. ಹಾಗೆ ನಳ ಬಿಚ್ಚಿ, ಕೆಳಗೆ ಬಟ್ಟಲು ಹಿಡಿದು, ಎಣ್ಣೆ ಹನಿಯುವುದನ್ನು ನೋಡುತ್ತ ಕೂತಿದ್ದಾಗ ಅಪ್ಪ ಹೊಲಕ್ಕೆ ಬಂದ.

"ಮ್ಯಾಲಿಂದ ಕದಿಯಾಕ ಆಗವಲ್ದು ಅಂತ ಕೆಳಗಿನ ನಳ ಬಿಚ್ಚೀ ಏನು? ಮುಂಜಾನಿ ನನ್ನ ಮುಂದ ಕುದುರಿಯಂಗ ಓಡತದ, ನಿನ್ನ ಕೈಯಾಗ ಬಂದ ಕೂಡಲೇ ಯಾಕ ಸಾಯತದ?"

"ಅದೇ ನನಗೂ ತಿಳಿವಲ್ದು ಗೌಡ್ರ" ಅಂದ ಖಾಸಿಮಣ್ಣ. ಅವತ್ತೇ ಅವನ ಗಂಟುಮೂಟೆ ಹೊರಗೆ ಬಿತ್ತು. ಬೇರೊಬ್ಬ ಡ್ರೈವರ್ ಬಂದ. ಗಾಡಿ ಅವನ ಕೈಯಲ್ಲೂ ನಿಂತಿತು.

ಮುಂದೆ ಒಂದು ದಿನ ಅವ್ವ ಕುಸುಬಿ ಎಣ್ಣೆಯ ಹೊಸ ಡಬ್ಬಿಗೆ ಮೊಳೆ ಹೊಡೆದು ಬಗ್ಗಿಸಿದಳು. ಎಣ್ಣೆ ಗುಳುಗುಳು ಅಂದು ನಿಂತಿತು. ಯಾವಾಗಲೂ ಮಾಡುವ ಹಾಗೆ ಆಚೆ ಬದಿಗೆ ಇನ್ನೊಂದು ತೂತು ಹೊಡೆದಳು, ಗಾಳಿ ಒಳಗೆ ಹೋಗಿ ಎಣ್ಣೆ ಧಾರೆಯಾಗಿ ಇಳಿಯಿತು. ಅವ್ವನ ಕೈ ಅಲ್ಲೇ ನಿಂತಿತು. "ಏನ್ರೀ, ಆ ಟಾಕಿ ಮುಚ್ಚಳಕ್ಕ ತೂತು ಅದ ಏನು?" ಅಂತ ಅಪ್ಪನನ್ನು ಕೂಗಿ ಕೇಳಿದಳು. ಅಪ್ಪ ಚಾಕುವಿನಿಂದ ಅರಗು ಕೆರೆದ. ಅಡಿಯಲ್ಲಿ ಗಾಳಿಗೆಂದು ಬಿಟ್ಟ ಸೂಜಿ ಹೋಗುವಷ್ಟು ತೂತು, ಅರಗು ತುಂಬಿ ಮುಚ್ಚಿತ್ತು. ಅವತ್ತು ಗಾಡಿ ಹೊತ್ತು ಮುಳುಗುವ ತನಕ ನಿಲ್ಲದೆ ನಡೆಯಿತು. ಅವ್ವ, "ನಾಳೆನೇ ಹೋಗಿ, ತಪ್ಪು ನಮ್ಮದು ಅಂತ ಹೇಳಿ ಕರಕೊಂಡು ಬರ್ರಿ" ಅಂದಳು.

ಅಪ್ಪ ಕೆಂಪು ಬಾಳೆಯ ಗೊನೆ ಹಿಡಿದು, ನನ್ನನ್ನೂ ಕರೆದುಕೊಂಡು ಗಾಜಿಪುರಕ್ಕೆ ಹೋದ. ಎಣ್ಣೆಗಳ್ಳ ಅಂತ ಸುದ್ದಿ ಹಬ್ಬಿ ಖಾಸಿಮಣ್ಣನಿಗೆ ಯಾರೂ ಗಾಡಿ ಕೊಟ್ಟಿರಲಿಲ್ಲ, ಕಾಳಿನ ಪೇಟೆ ಗಂಜಿನಲ್ಲಿ ಚೀಲ ಹೊರುತ್ತಿದ್ದ. ನಮಗೆ ಕಂಬಳಿ ಹಾಸಿ ಕೂಡಿಸಿದ. "ಗಾಡಿ ಚಲೋ ಆಗ್ಯಾದ, ಬಾ" ಅಂದ ಅಪ್ಪ. ಖಾಸಿಮಣ್ಣ ಪಗಾರ ಕೇಳಲಿಲ್ಲ, ಬೈದದ್ದನ್ನೂ ಎತ್ತಲಿಲ್ಲ. "ಏನಾಗಿತ್ರಿ? ಅದೊಂದು ಹೇಳ್ರಿ, ನನಗ ನಿದ್ದಿ ಇಲ್ಲ" ಅಂದ. ಅಪ್ಪ ಬಾಳೆಗೊನೆಯನ್ನು ಅವನ ಕಡೆ ಸರಿಸಿದ. "ಕಾರಬೇಟರದಾಗ ಕಸ ಸಿಕ್ಕಿತ್ತು" ಅಂದ.

"ನಾ ಎಲ್ಲಾ ತೊಳದಿದ್ದೆ" ಅಂತ ತನ್ನಷ್ಟಕ್ಕೆ ಅಂದುಕೊಂಡ ಖಾಸಿಮಣ್ಣ. "ಹಂಗಾದ್ರ ನನ್ನ ಕಣ್ಣು ಹೋಗ್ಯಾವ್ರಿ. ಇನ್ನ ನಾ ಇಂಜಿನ್ ಮುಟ್ಟಬಾರದು." ಅಪ್ಪ ಎಷ್ಟು ಕರೆದರೂ ಬರಲಿಲ್ಲ. ನಾನು ಬಾಳೆಹಣ್ಣು ತಿನ್ನುತ್ತ ಕೂತಿದ್ದೆ. ಖರೆ ಏನು ಅಂತ ನನಗೂ ಗೊತ್ತಿತ್ತು. ಮನೆಗೆ ಬಂದಾಗ ಅವ್ವ "ಹೇಳಿದ್ರೇನು?" ಅಂದಳು. ಅಪ್ಪ "ಹೂಂ" ಅಂದ. ಆಗಲೂ ನಾನು ಬಾಯಿ ಬಿಡಲಿಲ್ಲ.

ಆ ಮನೆ ಬಿತ್ತು, ಗಾಡಿ ಗುಜರಿಯ ತೂಕಕ್ಕೆ ಹೋಯಿತು, ಅವರೆಲ್ಲ ಮಣ್ಣಾದರು. ಅಪ್ಪ ಕೆಟ್ಟವನಲ್ಲ, ತಪ್ಪು ಅನ್ನುವ ಮಾತು ಅವನ ಬಾಯಲ್ಲಿ ಹೊರಳುತ್ತಿರಲಿಲ್ಲ, ಅಷ್ಟೇ. ಇರುವ ತನಕ ಪ್ರತಿ ಸುಗ್ಗಿಗೂ ಗಾಜಿಪುರಕ್ಕೆ ಜೋಳದ ಚೀಲ ಕಳಿಸುತ್ತಿದ್ದ. ಒಂದು ವರ್ಷ ಖಾಸಿಮಣ್ಣ ತಾನೇ ಒಯ್ಯಲಿಕ್ಕೆ ಬಂದ. ಅಂಗಳದಲ್ಲಿ ನಿಂತು ಅವ್ವನಿಗೆ, "ಅಕ್ಕಾರ, ಸಣ್ಣ ಕಸ ನನ್ನ ಕಣ್ಣಿಗಿ ಬೀಳಲಿಲ್ಲ. ಅಷ್ಟು ನುಕ್ಸಾನ್ ಮಾಡಿದರೂ ಗೌಡ್ರು ನನ್ನ ಮರೀಲಿಲ್ಲ ನೋಡ್ರಿ" ಅಂದ. ಅವ್ವ ಹೊಸ್ತಿಲಲ್ಲೇ ನಿಂತು ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಮುಖ. ಅಪ್ಪ ಆಳಿನ ಕಡೆ ತಿರುಗಿ, "ಇನ್ನೊಂದು ಚೀಲ ಹಾಕೋ" ಅಂದ. ಚೀಲ ಹೇರಿದ ಎತ್ತಿನ ಗಾಡಿ ತಿರುವು ದಾಟುವ ತನಕ ಖಾಸಿಮಣ್ಣ ನಮಗೆ ಕೈಮುಗಿಯುತ್ತಲೇ ಹೋದ.